ಲೇಖನ ಐದನೇ ಪುಟದಿಂದ ಶುರುವಾಗಲಿ

ನಮಸ್ಕಾರ.

ಕಡು ತಂಪಿನಲ್ಲಿ ಪೆರೋವ್‌ಸ್ಕೈಟ್ ಆಕ್ಸೈಡ್‌ಗಳ (ಪೆರೋವ್‌ಸ್ಕೈಟ್ ಖನಿಜದಂಥ ಹರಳು ರಚನೆಯ ಆಕ್ಸೈಡ್‌ಗಳು) ಡೈಎಲೆಕ್ಟ್ರಿಕ್ ಗುಣ, ಅಂದರೆ ವಿದ್ಯುತ್ ಕ್ಷೇತ್ರಕ್ಕೆ ಅವು ಸ್ಪಂದಿಸುವ ಪ್ರಮಾಣ, ಹೇಗೆ ಬದಲಾಗುತ್ತದೆ ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಕೈಬಿಡುವ ಬರಹವೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ನಾಲ್ಕು ಪುಟ ತೆಗೆದುಬಿಡಿ. 1839ರಲ್ಲಿ ಉರಲ್ ಬೆಟ್ಟಗಳ ಖನಿಜ, ಪೆರೋವ್‌ಸ್ಕಿಯ ಹೆಸರು, ಕೆಪಾಸಿಟರ್ ಎಂದರೇನು ಎಂಬ ಪಾಠ, ಎಲ್ಲಾ ಸರಿ. ಆದರೆ ಓದುವವರು ಅಷ್ಟರಲ್ಲಿ ಎದ್ದು ಹೋಗಿರುತ್ತಾರೆ. ನಿಜವಾದ ವಿಷಯ ಐದನೇ ಪುಟದಲ್ಲಿ ಒಂದೇ ಸಾಲಾಗಿ ಸುಮ್ನೆ ಬಂದು ಹೋಗಿದೆ: ಸ್ಟ್ರಾನ್ಶಿಯಂ ಟೈಟನೇಟ್‌ನ ಡೈಎಲೆಕ್ಟ್ರಿಕ್ ಸ್ಥಿರಾಂಕ ಕೋಣೆಯ ತಾಪದಲ್ಲಿ ಸುಮಾರು 300, 4 ಕೆಲ್ವಿನ್ ಹತ್ತಿರ 20,000ಕ್ಕೂ ಜಾಸ್ತಿ. ಯಾಕೆ ಹೀಗೆ ಏರುತ್ತದೆ ಎಂದು ನೀವು ಬಿಡಿಸಿ ಹೇಳಲೇ ಇಲ್ಲ.

ಹೇಳಿದಷ್ಟೂ ತಪ್ಪು. ‘ತಂಪು ಹೆಚ್ಚಿದಂತೆ ಪರಮಾಣುಗಳು ಚಳಿಗೆ ಮುದುಡಿ ಮಲಗುತ್ತವೆ’ ಎಂದು ಬರೆದಿದ್ದೀರಿ. ಕೇಳಲು ಚೆನ್ನಾಗಿದೆ, ಆದರೆ ಇಲ್ಲಿ ನಡೆಯುವುದು ಅದಲ್ಲ. ತಾಪ ಇಳಿದಂತೆ ಟೈಟಾನಿಯಂ ಮತ್ತು ಆಕ್ಸಿಜನ್ ಅಯಾನುಗಳು ಎದುರುಬದುರಾಗಿ ಓಲಾಡುವ ಒಂದು ಕಂಪನ ಮೆದುವಾಗುತ್ತಾ, ಅಂದರೆ ನಿಧಾನವಾಗುತ್ತಾ ಹೋಗುತ್ತದೆ. ಆಗ ಸಣ್ಣ ವಿದ್ಯುತ್ ಕ್ಷೇತ್ರ ಕೊಟ್ಟರೂ ಅಯಾನುಗಳು ಜಾಸ್ತಿ ಸರಿಯುತ್ತವೆ. ಬೇರಿಯಂ ಟೈಟನೇಟ್‌ನಲ್ಲಿ ಅವು 400 ಕೆಲ್ವಿನ್ ಸುಮಾರಿಗೇ ಹಾಗೆ ಸರಿದು ನಿಂತುಬಿಡುತ್ತವೆ, ವಸ್ತು ಫೆರ್ರೋಎಲೆಕ್ಟ್ರಿಕ್ ಆಗುತ್ತದೆ, ಅಂದರೆ ಹೊರಗಿನ ಕ್ಷೇತ್ರ ಇಲ್ಲದೆಯೂ ಅದರಲ್ಲಿ ವಿದ್ಯುತ್ ಧ್ರುವೀಕರಣ ಉಳಿಯುತ್ತದೆ. ಸ್ಟ್ರಾನ್ಶಿಯಂ ಟೈಟನೇಟ್‌ನ ಡೈಎಲೆಕ್ಟ್ರಿಕ್ ಸ್ಥಿರಾಂಕದ ಗ್ರಾಫ್ ಗೆರೆಯನ್ನು ಹಾಗೇ ಮುಂದಕ್ಕೆ ಎಳೆದರೆ 35 ಕೆಲ್ವಿನ್ ಆಸುಪಾಸಿನಲ್ಲಿ ಅದೂ ಆಗಬೇಕಿತ್ತು. ಆಗುವುದಿಲ್ಲ. ಗೆರೆ ಬಾಗುತ್ತದೆ, ಕೊನೆಗೆ ಸಮತಟ್ಟಾಗುತ್ತದೆ. ಯಾಕೆಂದರೆ ಎಷ್ಟೇ ತಣಿಸಿದರೂ ಪರಮಾಣುಗಳಲ್ಲಿ ಕ್ವಾಂಟಮ್ ತುಯ್ದಾಟ ಉಳಿದೇ ಉಳಿಯುತ್ತದೆ, ಅದು ಅವನ್ನು ಒಂದು ಕಡೆ ನಿಲ್ಲಲು ಬಿಡುವುದಿಲ್ಲ. 1979ರಲ್ಲಿ ಭೌತವಿಜ್ಞಾನಿಗಳಾದ ಮುಲ್ಲರ್ ಮತ್ತು ಬುರ್ಕಾರ್ಡ್ ಇದನ್ನು ಕ್ವಾಂಟಮ್ ಪ್ಯಾರಾಎಲೆಕ್ಟ್ರಿಕ್ ಸ್ಥಿತಿ ಎಂದರು. ಅವು ನಿಜಕ್ಕೂ ಮಲಗಿದ್ದರೆ ನಿಮಗೆ ಬರೆಯಲು ವಿಷಯವೇ ಇರುತ್ತಿರಲಿಲ್ಲ, ಅಲ್ವಾ?

ಇದಕ್ಕೆ ಒಳ್ಳೆಯ ಪುರಾವೆ 1999ರ ಜಪಾನಿನ ಪ್ರಯೋಗ. ಸ್ಟ್ರಾನ್ಶಿಯಂ ಟೈಟನೇಟ್‌ನಲ್ಲಿದ್ದ ಆಕ್ಸಿಜನ್-16ರ ಬಹುಪಾಲನ್ನು ಆಕ್ಸಿಜನ್-18ರಿಂದ ಬದಲಿಸಿದರು. ರಸಾಯನ ಅದೇ, ತೂಕ ಮಾತ್ರ ಜಾಸ್ತಿ. ತುಯ್ದಾಟ ಅಷ್ಟಕ್ಕೇ ತಗ್ಗಿತು, 23 ಕೆಲ್ವಿನ್ ಸುಮಾರಿಗೆ ವಸ್ತು ಫೆರ್ರೋಎಲೆಕ್ಟ್ರಿಕ್ ಆಯಿತು. ಇಂಥದ್ದು ನಿಮ್ಮ ಲೇಖನದಲ್ಲಿ ಇಲ್ಲದಿರುವುದು ನನಗೆ ಆಶ್ಚರ್ಯ. ನಾನಾದರೆ ಇದರಿಂದಲೇ ಶುರು ಮಾಡುತ್ತಿದ್ದೆ.

105 ಕೆಲ್ವಿನ್‌ನ ರಚನೆ ಬದಲಾವಣೆಯೇ ಈ ಏರಿಕೆಗೆ ಕಾರಣ ಎಂಬ ಸಾಲು ಹೊಡೆದುಹಾಕಿ. ಅಲ್ಲಿ ಆಕ್ಸಿಜನ್ ಅಷ್ಟಮುಖಿಗಳು (ಟೈಟಾನಿಯಂ ಸುತ್ತಲಿನ ಆರು ಆಕ್ಸಿಜನ್‌ಗಳ ಗೂಡುಗಳು) ತಿರುಗುತ್ತವೆ, ಅದು ಬೇರೆ ವಿಷಯ.

ಕ್ಯಾಲ್ಸಿಯಂ ಕಾಪರ್ ಟೈಟನೇಟ್‌ಗೆ ಒಂದು ಪುಟ ಕೊಟ್ಟು ‘ಪವಾಡ ವಸ್ತು’ ಎಂದಿದ್ದೀರಿ. ಅದರ 10,000ದ ಡೈಎಲೆಕ್ಟ್ರಿಕ್ ಸ್ಥಿರಾಂಕ ಹೆಚ್ಚಾಗಿ ಹರಳುಕಣಗಳ ಗಡಿ ಮತ್ತು ಎಲೆಕ್ಟ್ರೋಡ್‌ಗಳಿಂದ ಬರುವಂಥದ್ದು. 100 ಕೆಲ್ವಿನ್‌ಗಿಂತ ಕೆಳಗೆ ಅದು ನೂರರ ಆಸುಪಾಸಿಗೆ ಕುಸಿಯುತ್ತದೆ. ಇದನ್ನೂ ಸ್ಟ್ರಾನ್ಶಿಯಂ ಟೈಟನೇಟನ್ನೂ ಒಂದೇ ಸಾಲಿನಲ್ಲಿ ಕೂರಿಸಬೇಡಿ.

ತಾಪವನ್ನೆಲ್ಲ ಕೆಲ್ವಿನ್‌ನಲ್ಲೇ ಕೊಡಿ. ಗ್ರಾಫ್ ಒಂದೇ ಸಾಕು, ಅದರಲ್ಲಿ ಅಳೆದ ಆವರ್ತನ ನಮೂದಿಸಿ. ತಿದ್ದಿ ಕಳಿಸಿದರೆ ಮತ್ತೆ ಓದುತ್ತೇನೆ.