ಆ್ಯಪ್ ಹಾಕಿದ್ದು ಸರಿಯಾ, ಹಾಕದೇ ಇದ್ದದ್ದು ಸರಿಯಾ?

ಪ್ರಶ್ನೆ: 2020ರ ಕೊರೊನಾ ಲಾಕ್‌ಡೌನ್ ಹೊತ್ತಿಗೆ, ಸೋಂಕಿತರ ಹತ್ತಿರ ಬಂದವರನ್ನು ಫೋನಿನ ಬ್ಲೂಟೂತ್‌ನಿಂದ ಪತ್ತೆ ಮಾಡುವ ಸರ್ಕಾರದ ಆರೋಗ್ಯ ಸೇತು ಆ್ಯಪ್ ನಾನು ಹಾಕಿಕೊಂಡೆ. ನಮ್ಮ ಮಾವ ಮಾತ್ರ ಹಾಕಲೇ ಇಲ್ಲ. ‘ನಾನು ಎಲ್ಲಿಗೆ ಹೋಗ್ತೇನೆ, ಯಾರ ಹತ್ರ ಕೂತ್ಕೊಳ್ತೇನೆ ಅಂತ ಅವರಿಗೆ ಎಂಥಕ್ಕೆ?’ ಎನ್ನುತ್ತಿದ್ದರು. ಮನೆಯಲ್ಲಿ ಜಗಳವೇ ಆಗಿತ್ತು. ಈಗ ಕಾಲೇಜಿಗೆ ಹೋಗುವ ಮಗ ‘ಅಜ್ಜ ಹೇಳಿದ್ದೇ ಸರಿ’ ಎನ್ನುತ್ತಾನೆ. ನೀವು ಏನು ಹೇಳುತ್ತೀರಿ? ಆ್ಯಪ್ ಇನ್ನೂ ನನ್ನ ಫೋನಿನಲ್ಲಿ ಉಂಟು. ಏನು ಮಾಡಲಿ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ನಿಮ್ಮ ಮಾವ ಕೇಳಿದ ಪ್ರಶ್ನೆಯನ್ನು ಆ ವರ್ಷ ನಾನು ಉಡುಪಿ ಸುತ್ತಿನ ಎಷ್ಟೋ ಮನೆಗಳ ಅಂಗಳದಲ್ಲಿ ನಿಂತು ಕೇಳಿದ್ದೇನೆ. ಆಗ ನಾನು ಆರೋಗ್ಯ ಸಹಾಯಕಿ. ಪಾಸಿಟಿವ್ ಬಂದವರ ಪ್ರಾಥಮಿಕ ಸಂಪರ್ಕ, ದ್ವಿತೀಯ ಸಂಪರ್ಕ, ಅಂದರೆ ಅವರ ಹತ್ತಿರ ಬಂದವರನ್ನು, ಆಮೇಲೆ ಅವರ ಹತ್ತಿರವೂ ಬಂದವರನ್ನು ಹುಡುಕುವುದು ನಮ್ಮ ಕೆಲಸ. ಆ್ಯಪ್ ಬೇಡ ಎಂದವರಿಗೆ ತಿಳಿವಳಿಕೆ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಆರೋಗ್ಯ ಸೇತು ಬಂದದ್ದು 2020ರ ಏಪ್ರಿಲ್ 2ಕ್ಕೆ. ಮೇ ಮಧ್ಯದ ಹೊತ್ತಿಗೆ 10 ಕೋಟಿ ಡೌನ್‌ಲೋಡ್ ದಾಟಿತ್ತು. ಅಷ್ಟೂ ಜನ ನಂಬಿ ಹಾಕಿಕೊಂಡರು ಎಂದುಕೊಳ್ಳಬೇಡಿ. ಮೇ 1ರ ಕೇಂದ್ರದ ಆದೇಶ ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ನೌಕರರಿಗೂ ಅದನ್ನು ಕಡ್ಡಾಯ ಮಾಡಿತ್ತು. ಮೇ 17ರ ಆದೇಶದಲ್ಲಿ ಸ್ವಲ್ಪ ಸಡಿಲ ಮಾಡಿದರು. ಆದರೆ ಸಂಗ್ರಹಿಸಿದ ಮಾಹಿತಿಯನ್ನು ಯಾರು ನೋಡಬಹುದು, ಎಷ್ಟು ದಿನ ಇಟ್ಟುಕೊಳ್ಳಬಹುದು ಎಂಬ ನಿಯಮ ಹೊರಬಿದ್ದದ್ದು ಮೇ 11ಕ್ಕೆ. ಹೆಚ್ಚೆಂದರೆ 180 ದಿನ ಎಂದು ಅದರಲ್ಲಿತ್ತು. ಮೊದಲು ಕಡ್ಡಾಯ, ಹತ್ತು ದಿನ ಬಿಟ್ಟು ನಿಯಮ! ಅದೂ ಸಂಸತ್ತಿನ ಕಾನೂನಲ್ಲ. ನನಗೆ ಇವತ್ತಿಗೂ ಬೇಸರ ಇರುವುದು ಇದರ ಬಗ್ಗೆಯೇ.

ನಮ್ಮ ಕಡೆ ಜನರ ಭಯ ದೆಹಲಿಯದ್ದಲ್ಲ, ಪಕ್ಕದ ಮನೆಯದ್ದು. ಆ ಮಾರ್ಚ್‌ನಲ್ಲಿ ಹೋಮ್ ಕ್ವಾರಂಟೈನ್‌ನಲ್ಲಿದ್ದವರ ಮನೆ ವಿಳಾಸಗಳ ಪಟ್ಟಿಯನ್ನೇ ರಾಜ್ಯದಲ್ಲಿ ಹೊರಗೆ ಬಿಟ್ಟಿದ್ದರು. ಕೈಗೆ ಸೀಲ್ ಹಾಕುತ್ತಿದ್ದರು. ಮೇ ತಿಂಗಳಲ್ಲಿ ಮುಂಬೈಯಿಂದ ಬಂದವರನ್ನು ಊರವರು ಹೇಗೆ ನೋಡಿದರು ಎನ್ನುವುದು ನಿಮಗೂ ನೆನಪಿರಬಹುದು. ಅದನ್ನೆಲ್ಲ ಕಂಡವರು ‘ನಿಮ್ಮ ಮಾಹಿತಿ ಗುಟ್ಟಾಗಿರುತ್ತದೆ’ ಎಂದರೆ ಹೇಗೆ ನಂಬಬೇಕು?

ಬೀಡಿ ಕಟ್ಟುವ ಒಬ್ಬರು ಅಮ್ಮ ನೆನಪಾಗುತ್ತಾರೆ. ಪಾಸಿಟಿವ್ ಬಂದಿತ್ತು. ಎಲ್ಲಿಗೂ ಹೋಗಿಲ್ಲ ಎಂದೇ ಸಾಧಿಸಿದರು. ಸತ್ಯ ಏನೆಂದರೆ ಕಟ್ಟಿದ ಬೀಡಿ ಕೊಡುವ ಬ್ರಾಂಚಿಗೆ ಹೋಗಿದ್ದರು. ಬ್ರಾಂಚ್ ಸೀಲ್‌ಡೌನ್ ಆದರೆ ಸುತ್ತಲಿನ ಮನೆಗಳ ಕೂಲಿ ನಿಲ್ಲುತ್ತದೆ, ಎಲ್ಲರೂ ತನ್ನನ್ನೇ ಬೈಯುತ್ತಾರೆ ಎಂಬ ಹೆದರಿಕೆ. ಅವರ ವಠಾರದ ಆಶಾ ಕಾರ್ಯಕರ್ತೆ ಹೋಗಿ, ‘ನಿಮ್ಮ ಹೆಸರು ನಾವು ಎಲ್ಲೂ ಎತ್ತುವುದಿಲ್ಲ’ ಎಂದು ಹೇಳಿ ಕೂತ ಮೇಲೆ ಒಂದೊಂದೇ ಹೆಸರು ಹೊರಬಂತು. ಆ ಅಮ್ಮನ ಕೈಯಲ್ಲಿದ್ದದ್ದು ಬಟನ್ ಫೋನ್. ಅಂಥವರಿಗಾಗಿ 1921 ಎಂಬ ನಂಬರಿಗೆ ಮಿಸ್ಡ್ ಕಾಲ್ ಕೊಡುವ ವ್ಯವಸ್ಥೆ ಮಾಡಿದ್ದರು, ಸರಿ. ಆದರೆ ಬ್ಲೂಟೂತ್‌ನಿಂದ ಸಂಪರ್ಕ ಹಿಡಿಯುವುದು ಅದರಲ್ಲಿ ಆಗುವುದಿಲ್ಲ ಅಲ್ವಾ?

ಇನ್ನೊಂದು ಲೆಕ್ಕ. ಎದುರಾದ ಇಬ್ಬರ ಫೋನಿನಲ್ಲೂ ಆ್ಯಪ್ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತಿತ್ತು. ಹತ್ತು ಜನರಲ್ಲಿ ನಾಲ್ವರು ಹಾಕಿಕೊಂಡಿದ್ದರೆ, ಹಾಗೆ ಇಬ್ಬರಲ್ಲೂ ಇರುವ ಸಾಧ್ಯತೆ ಸುಮಾರು 100ಕ್ಕೆ 16 ಮಾತ್ರ. ಬ್ಲೂಟೂತ್ ಗೋಡೆ ದಾಟಿಯೂ ಹೋಗುತ್ತದೆ. ಫ್ಲ್ಯಾಟಿನ ಪಕ್ಕದ ಮನೆಯವರೂ ಹತ್ತಿರ ಬಂದವರ ಲೆಕ್ಕಕ್ಕೆ ಸೇರಬಹುದಿತ್ತು.

ನಿಮ್ಮ ಮಗನ ಮಾತಿಗೂ ಆಧಾರ ಇದೆ. ಸಿಂಗಾಪುರದಲ್ಲಿ ಟ್ರೇಸ್‌ಟುಗೆದರ್ ಎಂಬ ಇಂಥದ್ದೇ ಆ್ಯಪ್‌ನ ಮಾಹಿತಿ ಸೋಂಕು ಪತ್ತೆಗೆ ಮಾತ್ರ ಎಂದಿದ್ದರು. 2021ರ ಜನವರಿಯಲ್ಲಿ, ಪೊಲೀಸರೂ ಅಪರಾಧ ತನಿಖೆಗೆ ಪಡೆಯಬಹುದು ಎಂದು ಅಲ್ಲಿನ ಸರ್ಕಾರವೇ ಹೇಳಿತು. ಜನ ಸಿಟ್ಟಾದರು. ಆಮೇಲೆ ಗಂಭೀರ ಅಪರಾಧಗಳಿಗೆ ಮಾತ್ರ ಎಂದು ಕಾನೂನು ತಂದರು. ಜರ್ಮನಿಯ ಆ್ಯಪ್ ಗೂಗಲ್ ಮತ್ತು ಆ್ಯಪಲ್ ಸೇರಿ ಮಾಡಿದ ವ್ಯವಸ್ಥೆ ಬಳಸಿತು. ಅದರಲ್ಲಿ ಲೊಕೇಶನ್ ತೆಗೆದುಕೊಳ್ಳುತ್ತಿರಲಿಲ್ಲ, ಯಾರು ಯಾರ ಹತ್ತಿರ ಇದ್ದರು ಎಂಬ ತಾಳೆ ನೋಡುತ್ತಿದ್ದದ್ದು ಅವರವರ ಫೋನಿನಲ್ಲೇ. ನಮ್ಮದು ಬ್ಲೂಟೂತ್ ಜೊತೆ ಲೊಕೇಶನ್ನನ್ನೂ ಕೇಳುತ್ತಿತ್ತು. ಪಾಸಿಟಿವ್ ಬಂದರೆ ಮಾಹಿತಿ ಸರ್ವರ್‌ಗೆ ಹೋಗುತ್ತಿತ್ತು. 2021ರ ಜನವರಿಯಲ್ಲಿ ನಮ್ಮ ಹೈಕೋರ್ಟೇ, ಬಳಸುವವರ ಒಪ್ಪಿಗೆ ಇಲ್ಲದೆ ಅವರು ಕೊಟ್ಟ ಮಾಹಿತಿ ಹಂಚಬಾರದು ಎಂದು ಮಧ್ಯಂತರ ಆದೇಶ ಕೊಟ್ಟಿತು.

ಹಾಗಂತ ನೀವು ಮಾಡಿದ್ದು ತಪ್ಪಲ್ಲ. ಲಸಿಕೆ ಇರಲಿಲ್ಲ, ಮನೆಯಲ್ಲಿ ವಯಸ್ಸಾದವರಿದ್ದರು. ಸಿಕ್ಕಿದ್ದನ್ನು ಹಿಡಿದುಕೊಂಡಿರಿ. ಮಾವ ಕೇಳಿದ್ದೂ ನ್ಯಾಯವಾದ ಪ್ರಶ್ನೆ. ಅವರಿಗೆ ಉತ್ತರ ಕೊಡಬೇಕಾದವರು ಆದೇಶ ಹೊರಡಿಸಿದವರು. ಸೊಸೆಯ ತಲೆಗೆ ಆ ಕೆಲಸ ಬಿದ್ದದ್ದಕ್ಕೇ ನಿಮ್ಮಲ್ಲಿ ಜಗಳವಾಯಿತು.

ಈಗ ನಿಮ್ಮ ಫೋನಿನ ವಿಷಯ. ಸಂಪರ್ಕ ಪತ್ತೆಯ ಭಾಗವನ್ನು ಆಗಲೇ ನಿಲ್ಲಿಸಿದ್ದಾರೆ. ಸುಮ್ನೆ ಅನ್‌ಇನ್‌ಸ್ಟಾಲ್ ಮಾಡಬೇಡಿ. ಮೊದಲು ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಅಕೌಂಟ್ ಡಿಲೀಟ್ ಮಾಡಿ, ಆಮೇಲೆ ಆ್ಯಪ್ ತೆಗೆಯಿರಿ. ಅದರಲ್ಲೇ ಆಭಾ ಆರೋಗ್ಯ ಖಾತೆ ಮಾಡಿಕೊಂಡಿದ್ದರೆ ನಂಬರ್ ಬರೆದಿಟ್ಟುಕೊಳ್ಳಿ, ಅದು ಬೇರೆ ಖಾತೆ. ಮಗ ಹೇಗೂ ಜೊತೆಗಿರುತ್ತಾನೆ. ಲೊಕೇಶನ್ ಅನುಮತಿ ಪಡೆದಿರುವ ಬೇರೆ ಆ್ಯಪ್‌ಗಳ ಪಟ್ಟಿಯನ್ನೂ ಅವನ ಹತ್ತಿರ ತೆರೆಸಿ ನೋಡಿ, ಬೇಡದ್ದನ್ನು ಆಫ್ ಮಾಡಿಸಿ.