ಚೀಟಿ ದುಡ್ಡು, ಕೊನೆಯ ಬೆಂಚು

ಮೂಡಿಗೆರೆ ಕಡೆಯಿಂದ ಒಬ್ಬ ಸಹೋದರಿ ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರ ಸಭೆಯವನೇ ಒಬ್ಬ, ತೋಟದ ಕೆಲಸಕ್ಕೆ ಹೋಗುವ ಹೆಂಗಸರ ಹತ್ತಿರ ಚೀಟಿ ಕಟ್ಟಿಸಿಕೊಂಡು, ದುಡ್ಡು ತಿಂದು ಊರು ಬಿಟ್ಟ. ಇವರದೂ 22 ಸಾವಿರ ಹೋಯಿತು. ಹೆಂಡತಿ ಮಾತ್ರ ಊರಲ್ಲೇ ಉಳಿದಳು, ಭಾನುವಾರ ತಪ್ಪಿಸದೆ ಒಬ್ಬಳೇ ಚರ್ಚಿಗೆ ಬಂದು ಹೋಗುತ್ತಿದ್ದಳು. ಮೂರು ವರ್ಷದ ಮೇಲೆ ಈಗ ಅವನು ವಾಪಸ್ ಬಂದಿದ್ದಾನೆ, ಕೊನೆಯ ಬೆಂಚಿನಲ್ಲಿ ಕೂರುತ್ತಾನೆ. "ತೀರ್ಪು ಮಾಡಬೇಡಿ, ಕೃಪೆ ತೋರಿಸಿ ಅಂತಾರೆ ನಮ್ಮ ಪಾದ್ರಿ ಅಯ್ಯನವರು. ಅವನ ಮುಖ ಕಂಡರೆ ನನಗೆ ಪ್ರಾರ್ಥನೆಯೇ ಬರುವುದಿಲ್ಲ. ನಾನೂ ತಾವೇ ನೀತಿವಂತರು ಅಂದುಕೊಂಡಿದ್ದ ಆ ಫರಿಸಾಯರ ಥರ ಆಗಿಬಿಟ್ಟೆನಾ?" ಎಂದು ಕೇಳಿದ್ದಾರೆ.

ಅಕ್ಕಾ, ವಂದನೆಗಳು. ಇಲ್ಲ, ಆಗಿಲ್ಲ. ಅವನು ದುಡ್ಡು ತಿಂದ ಎಂದು ಹೇಳುವುದು ತೀರ್ಪಲ್ಲ, ನಡೆದ ವಿಷಯ. ಇವನ ಕಥೆ ಮುಗಿಯಿತು, ಇವನು ಇನ್ನು ಯಾವತ್ತೂ ನೆಟ್ಟಗಾಗುವುದಿಲ್ಲ ಎಂದು ನಾವೇ ಬರೆದು ಮುಗಿಸಿಬಿಡುತ್ತೇವಲ್ಲ, ತೀರ್ಪು ಅಂದರೆ ಅದು.

ತೀರ್ಪು ಮಾಡಬೇಡಿ ಎನ್ನುವ ಮತ್ತಾಯನ ಸುವಾರ್ತೆ 7ರ ಮೊದಲ ವಚನ ನಮಗೆಲ್ಲ ಬಾಯಿಪಾಠ. ಐದನೇ ವಚನದ ತನಕ ಹೋಗುವವರು ಕಮ್ಮಿ. ನಿನ್ನ ಕಣ್ಣಿನ ತೊಲೆ ಮೊದಲು ತೆಗೆದುಹಾಕು, ಆಮೇಲೆ ಸಹೋದರನ ಕಣ್ಣಿನ ರವೆ ತೆಗೆಯಲು ನಿನಗೆ ಚೆನ್ನಾಗಿ ಕಾಣುತ್ತದೆ ಅಂತಾರೆ ಯೇಸುಸ್ವಾಮಿ. ರವೆ ಹಾಗೇ ಇರಲಿ ಬಿಡು ಅನ್ನಲಿಲ್ಲ. ಕಣ್ಣಿಗೆ ಕಸ ಬಿದ್ದರೆ ನಾವು ಯಾರ ಹತ್ತಿರ ಹೋಗುತ್ತೇವೆ? ಸೆರಗಿನ ತುದಿ ಸುರುಳಿ ಮಾಡಿ, ಮೆಲ್ಲಗೆ ಊದಿ ತೆಗೆಯುವವರ ಹತ್ತಿರ, ಅಲ್ವಾ?

ಇನ್ನೊಂದು ಮಾತು. ನಮ್ಮ ಪ್ರಸಂಗಗಳಲ್ಲಿ ಒಂದೇ ಥರದ ಕಥೆ ಜಾಸ್ತಿ. ಎಲ್ಲರೂ ಒಬ್ಬನನ್ನು ಕೆಟ್ಟವನು ಅಂದುಕೊಂಡಿರುತ್ತಾರೆ, ಕೊನೆಗೆ ನೋಡಿದರೆ ಅವನು ಒಳ್ಳೆಯವನು. ಅಲ್ಲಿ ಕೃಪೆಗೆ ಕೆಲಸವೇ ಇಲ್ಲ, ನಮ್ಮ ತಪ್ಪು ತಿಳುವಳಿಕೆ ಹೋಯಿತು ಅಷ್ಟೆ. ನಿಮ್ಮೂರಿನವನು ನಿಜವಾಗಿಯೂ ತಿಂದಿದ್ದಾನೆ. ಕೃಪೆ ಬೇಕಾಗುವುದು ಇಂಥವನಿಗೇ, ಅದಕ್ಕೇ ಅದು ಇಷ್ಟು ಕಷ್ಟ.

ತಪ್ಪಿನಲ್ಲಿ ಸಿಕ್ಕಿಬಿದ್ದವನನ್ನು ಸೌಮ್ಯವಾಗಿ ಸರಿಮಾಡಿ ಎಂದು ಪೌಲ ಗಲಾತ್ಯ 6:1ರಲ್ಲಿ ಬರೆಯುತ್ತಾನೆ. ಅಲ್ಲಿರುವ ಗ್ರೀಕ್ ಕ್ರಿಯಾಪದವೇ ಮಾರ್ಕ 1:19ರಲ್ಲೂ ಇದೆ, ಯಾಕೋಬ ಯೋಹಾನರು ದೋಣಿಯಲ್ಲಿ ಕೂತು ಬಲೆ ಸರಿಮಾಡುವ ಕಡೆ. ಹೋದ ಬೇಸಿಗೆ ಶೆಟ್ಟಿಹಳ್ಳಿಯ ಹಳೇ ಚರ್ಚ್ ನೋಡಲು ಹೋಗಿದ್ದೆ. ಹೇಮಾವತಿ ಹಿನ್ನೀರಿನ ದಡದಲ್ಲಿ ಒಬ್ಬರು ಬಲೆಯನ್ನು ಕಾಲ್ಬೆರಳಿಗೆ ಸಿಕ್ಕಿಸಿ ಎಳೆದುಕೊಂಡು, ಹರಿದ ಕಣ್ಣು ಹುಡುಕಿ, ಸುತ್ತಲಿನ ಲಡ್ಡಾದ ದಾರವನ್ನೆಲ್ಲ ಕತ್ತರಿಸುತ್ತಿದ್ದರು. ತೂತು ಇನ್ನೂ ದೊಡ್ಡದಾಯಿತಲ್ಲ ಅಂದೆ. "ಲಡ್ಡು ದಾರಕ್ಕೆ ಗಂಟು ಹಾಕಿದ್ರೆ ನಿಲ್ಲಲ್ಲ ಸಾರ್" ಅಂದರು.

ಆದ್ದರಿಂದ ದುಡ್ಡಿನ ಮಾತು ಆಗಲೇಬೇಕು. ಯೇಸುಸ್ವಾಮಿ ಸುಂಕ ವಸೂಲಿಯ ಜಕ್ಕಾಯನ ಮನೆಗೆ ಬರ್ತೀನಿ ಅಂದಾಗ ಅವನಿನ್ನೂ ಯಾರಿಗೂ ಏನೂ ವಾಪಸ್ ಕೊಡುವ ಮಾತೆತ್ತಿರಲಿಲ್ಲ. ಊರವರು ಗೊಣಗಿದರು. ಮೋಸದಿಂದ ತೆಗೆದುಕೊಂಡಿದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದು ಅವನು ಎದ್ದು ನಿಂತು ಹೇಳಿದ್ದು ಆಮೇಲೆ. ಲೆಕ್ಕ ಬಿಡು ಎಂದು ಯೇಸುಸ್ವಾಮಿ ಹೇಳಲಿಲ್ಲ, ಲೆಕ್ಕ ಚುಕ್ತಾ ಮಾಡಿಕೊಂಡು ಬಾ, ಆಮೇಲೆ ಊಟಕ್ಕೆ ಬರ್ತೀನಿ ಅಂತಲೂ ಹೇಳಲಿಲ್ಲ.

ಹಾಸನದಲ್ಲಿ ನಾವು ಹೀಗೆ ಮಾಡಲಿಲ್ಲ. ಬಹಳ ವರ್ಷದ ಹಿಂದೆ ನಾನು ಸಭೆಯ ಕಮಿಟಿಯಲ್ಲಿದ್ದೆ, ಒಬ್ಬ ಹುಡುಗ ಕಾಣಿಕೆ ದುಡ್ಡಿಗೆ ಕೈಹಾಕಿದ. ಆರಾಧನೆ ಮುಗಿದ ಮೇಲೆ ಎಲ್ಲರ ಮುಂದೆ ನಿಲ್ಲಿಸಿ ಕೇಳಿದೆವು. ಕೇಳಿದವನು ನಾನೇ. ಅವನು ಮುಂದಿನ ವಾರ ಅಷ್ಟೂ ದುಡ್ಡು ತಂದು ಟೇಬಲ್ ಮೇಲಿಟ್ಟು ಹೋದ. ಲೆಕ್ಕ ಸರಿಹೋಯಿತು, ಹುಡುಗ ಮತ್ತೆ ಬರಲಿಲ್ಲ. ಮೊದಲು ನೀನೊಬ್ಬನೇ ಹೋಗಿ ಅವನೊಬ್ಬನಿಗೇ ಹೇಳು ಎಂದು ಮತ್ತಾಯ 18:15 ಹೇಳುತ್ತದೆ. ಗೊತ್ತಿದ್ದೂ ನಾನು ಹೋಗಲಿಲ್ಲ. ಅವನಮ್ಮ ಇವತ್ತಿಗೂ ಬರುತ್ತಾರೆ, ಕೈ ಹಿಡಿದು ವಂದನೆ ಹೇಳುತ್ತಾರೆ, ನನಗೆ ಅವರ ಮುಖ ನೋಡಲು ಆಗುವುದಿಲ್ಲ.

ಕ್ಷಮಿಸಿದೆ ಎಂದು ನೀವು ಇವತ್ತೇ ಹೇಳಬೇಕಿಲ್ಲ. ಅವನ ಕೈಗೆ ಮತ್ತೆ ದುಡ್ಡು ಕೊಡಬೇಕೆಂದೂ ಇಲ್ಲ, ಅದು ಬೇಡವೇ ಬೇಡ. ಒಬ್ಬರೇ ಹೋಗಲು ಕಷ್ಟವಾದರೆ ಅಯ್ಯನವರನ್ನು ಕರೆದುಕೊಂಡು ಅವನ ಮನೆಗೆ ಹೋಗಿ, ಕೂತು ಮಾತಾಡಿ, ತಿಂಗಳಿಗೆ ಎಷ್ಟು ಕೊಡ್ತೀಯ ಎಂದು ನೇರವಾಗಿ ಕೇಳಿ, ಉಳಿದ ಹೆಂಗಸರದ್ದೂ ಸೇರಿಸಿ ಕೇಳಿ. ಆದರೆ ಇದನ್ನು ಸ್ತ್ರೀಯರ ಕೂಟದಲ್ಲಿ ಪ್ರಾರ್ಥನೆ ವಿಷಯ ಅಂತ ಎತ್ತಬೇಡಿ. ಹಾಗೆ ಎತ್ತಿದ್ದು ಸಂಜೆಯೊಳಗೆ ಊರೆಲ್ಲ ಸುತ್ತಿರುತ್ತದೆ, ನಿಮಗೂ ಗೊತ್ತು.

ಆ ಹೆಂಡತಿಯ ವಿಷಯ ನಿಮ್ಮ ಕಾಗದದಲ್ಲಿ ಒಂದೇ ಸಾಲು ಇದೆ, "ಅವಳ ಹತ್ತಿರ ಯಾರೂ ಮಾತಾಡುತ್ತಿರಲಿಲ್ಲ, ನಾನೂ" ಅಂತ. ಅವಳು ಯಾರ ದುಡ್ಡೂ ತಿಂದಿರಲಿಲ್ಲ. ಅವನ ಮನೆಗೆ ಹೋಗುವುದು ಸ್ವಲ್ಪ ತಡವಾದರೂ ಪರವಾಗಿಲ್ಲ ಅಕ್ಕಾ, ಈ ಭಾನುವಾರ ಮೊದಲು ಅವಳನ್ನು ಮಾತಾಡಿಸಿ.