ಬದುವಿನ ಜಗಳ, ಒಂದೇ ಏಟು: ಇದು ಕೊಲೆಯೇ?

ಪ್ರಶ್ನೆ: ನಮ್ಮ ಊರಿನಲ್ಲಿ ಹೊಲದ ಬದುವಿನ ವಿಷಯಕ್ಕೆ ಅಣ್ಣ ತಮ್ಮಂದಿರ ನಡುವೆ ಜಗಳ ಆಯಿತು. ಮಾತಿಗೆ ಮಾತು ಬೆಳೆದು ತಮ್ಮ ಗುದ್ದಲಿಯ ಕಾವಿನಿಂದ ಅಣ್ಣನ ತಲೆಗೆ ಒಂದೇಟು ಹೊಡೆದ. ಮೂರನೇ ದಿನ ಅಣ್ಣ ಆಸ್ಪತ್ರೆಯಲ್ಲಿ ತೀರಿಕೊಂಡ. ಪೊಲೀಸರು ಕೊಲೆ ಕೇಸು ಹಾಕಿದ್ದಾರೆ. ತಮ್ಮನ ವಕೀಲರು 'ಇದು ಕೊಲೆ ಅಲ್ಲ, ನರಹತ್ಯೆ' ಅನ್ನುತ್ತಿದ್ದಾರಂತೆ. ಸತ್ತಿದ್ದು ಸತ್ತಿದ್ದೇ ಅಲ್ವಾ ಸಾರ್? ಏನು ವ್ಯತ್ಯಾಸ?
(ಹಾವೇರಿ ಜಿಲ್ಲೆಯ ಓದುಗರು)

ಉತ್ತರ: ಪತ್ರಿಕೆಗಳಲ್ಲಿ ನರಹತ್ಯೆಯನ್ನು 'ಉದ್ದೇಶಪೂರ್ವಕವಲ್ಲದ ಕೊಲೆ' ಅಂತ ಬರೆಯುತ್ತಾರೆ. ಗೊಂದಲ ಶುರುವಾಗುವುದೇ ಅಲ್ಲಿ. ಸಾಯಿಸುವ ಉದ್ದೇಶ ಇದ್ದರೆ ಕೊಲೆ, ಇಲ್ಲದಿದ್ದರೆ ನರಹತ್ಯೆ ಅಂತ ಓದಿದವರು ತಿಳಿದುಬಿಡುತ್ತಾರೆ. ಹಾಗಿಲ್ಲ. ಸಾಯಿಸುವ ಉದ್ದೇಶ ಇಲ್ಲದೆಯೂ ಕೊಲೆ ಆಗಬಹುದು, ಉದ್ದೇಶ ಇದ್ದೂ ಆಗದಿರಬಹುದು. ವಕೀಲರು ಹೇಳುವ ನರಹತ್ಯೆ ಕಾನೂನಿನ ಮಾತಿನಲ್ಲಿ 'ಕೊಲೆಯಲ್ಲದ ದಂಡನೀಯ ನರಹತ್ಯೆ'. ಬಾಯಿ ತುಂಬುವ ಹೆಸರು, ಆದರೆ ಸರಿಯಾದ ಹೆಸರು.

ಹಳೆಯ ಐಪಿಸಿಯಲ್ಲಿ (ಭಾರತೀಯ ದಂಡ ಸಂಹಿತೆ) ಕೊಲೆಗೆ ಸೆಕ್ಷನ್ 302, ನರಹತ್ಯೆಗೆ 304. ಊರಲ್ಲಿ ಈಗಲೂ 'ತ್ರೀ ನಾಟ್ ಟೂ' ಅಂತಲೇ ಮಾತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕೊಲೆಯ ಶಿಕ್ಷೆ 103ಕ್ಕೆ, ನರಹತ್ಯೆಯದು 105ಕ್ಕೆ ಬಂದಿದೆ. ನಂಬರು ಬದಲಾದರೂ ವ್ಯಾಖ್ಯೆಯ ತಿರುಳು ಹಳೆಯದೇ. ಹಾಗಾಗಿ ಹಳೆಯ ತೀರ್ಪುಗಳು ಇವತ್ತಿಗೂ ಕೆಲಸಕ್ಕೆ ಬರುತ್ತವೆ.

1876ರಲ್ಲಿ ಬಾಂಬೆ ಹೈಕೋರ್ಟಿಗೆ ಗೋವಿಂದ ಎಂಬವನ ಕೇಸು ಬಂತು. ಅವನ ಹೆಂಡತಿಗೆ ಹದಿನೈದು ವರ್ಷ. ಒದ್ದು ಕೆಡವಿ, ಎದೆಯ ಮೇಲೆ ಮಂಡಿಯೂರಿ, ಮುಖಕ್ಕೆ ಎರಡು ಮೂರು ಸಲ ಗುದ್ದಿದ. ಮಿದುಳಿನಲ್ಲಿ ರಕ್ತಸ್ರಾವವಾಗಿ ಹುಡುಗಿ ಸತ್ತಳು. ನ್ಯಾಯಮೂರ್ತಿ ಮೆಲ್ವಿಲ್ ಇದನ್ನು ಕೊಲೆ ಅನ್ನಲಿಲ್ಲ, ನರಹತ್ಯೆ ಅಂದರು. ಹುಡುಗಿಯ ವಯಸ್ಸು ನೋಡಿದರೆ ನನಗೆ ಇವತ್ತಿಗೂ ಆ ತೀರ್ಪು ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ಅವರು ಎಳೆದ ಗೆರೆ ಉಳಿದುಕೊಂಡಿದೆ. ಆ ಗಾಯದಿಂದ ಸಾವು ಬರುವ ಸಂಭವ ಇತ್ತು ಅಂದರೆ ನರಹತ್ಯೆ. ಸಾಮಾನ್ಯವಾಗಿ ಯಾರಿಗಾದರೂ ಸಾವು ತರಲು ಆ ಗಾಯವೇ ಸಾಕು ಅಂದರೆ ಕೊಲೆ. ಸಾವು ಎಷ್ಟು ಹತ್ತಿರ ಇತ್ತು ಅನ್ನುವುದರ ಲೆಕ್ಕ ಇದು.

1958ರ ವಿರ್ಸಾ ಸಿಂಗ್ ಕೇಸು ಇದಕ್ಕೆ ಇನ್ನೊಂದು ಮಾತು ಸೇರಿಸಿತು. ಪಂಜಾಬಿನಲ್ಲಿ ಹೊಟ್ಟೆಗೆ ಈಟಿಯಿಂದ ಒಂದೇ ತಿವಿತ, ಕರುಳು ಹೊರಗೆ ಬಂದಿತ್ತು. 'ಕೊಲ್ಲುವ ಉದ್ದೇಶ ಇರಲಿಲ್ಲ' ಅಂತ ವಾದ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿವಿಯನ್ ಬೋಸ್ ಅದನ್ನು ಒಪ್ಪಲಿಲ್ಲ. ಆ ಗಾಯವನ್ನೇ ಮಾಡಬೇಕು ಅಂತ ಮಾಡಿದೆಯಾ? ಆ ಗಾಯ ಪ್ರಾಣ ತೆಗೆಯಲು ಸಾಕಾಗಿತ್ತಾ? ಎರಡಕ್ಕೂ ಹೌದು ಅಂದರೆ ಕೊಲೆ. 'ಸಾಯುತ್ತಾನೆ ಅಂದುಕೊಂಡಿರಲಿಲ್ಲ' ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಒಂದೇ ಏಟು ಅಂದ ಮಾತ್ರಕ್ಕೆ ಕೊಲೆ ಅಲ್ಲ ಅನ್ನುವವರು ಇದನ್ನು ನೆನಪಿಡಬೇಕು.

ಹಾಗಾದರೆ ವಕೀಲರು ಯಾವ ಧೈರ್ಯದ ಮೇಲೆ ಹೇಳುತ್ತಿದ್ದಾರೆ? ಕೊಲೆಯ ವ್ಯಾಖ್ಯೆಗೆ ಐದು ವಿನಾಯಿತಿಗಳಿವೆ. ಅದರಲ್ಲಿ ನಾಲ್ಕನೆಯದು ದಿಢೀರ್ ಜಗಳ. ಮೊದಲೇ ಸಂಚು ಮಾಡಿರಬಾರದು, ಸಿಟ್ಟಿನ ಭರದಲ್ಲಿ ಆಗಿರಬೇಕು, ಎದುರಾಳಿಯ ಅಸಹಾಯಕತೆಯನ್ನು ಬಳಸಿಕೊಂಡಿರಬಾರದು, ಕ್ರೂರವಾಗಿ ನಡೆದುಕೊಂಡಿರಬಾರದು. ಯಾರು ಮೊದಲು ಕೈಮಾಡಿದರು ಅನ್ನುವುದು ಮುಖ್ಯವಲ್ಲ. ಆದರೆ ಜಗಳ ಎರಡೂ ಕಡೆಯಿಂದ ಇರಬೇಕು. ಸುಮ್ನೆ ನಿಂತವನಿಗೆ ಹೊಡೆದರೆ ಅದು ಜಗಳ ಅಲ್ಲ, ಹಲ್ಲೆ. ಈ ವಿನಾಯಿತಿ ಸಿಕ್ಕರೆ ಕೊಲ್ಲುವ ಉದ್ದೇಶ ಇದ್ದರೂ ಅಪರಾಧ ನರಹತ್ಯೆಗೆ ಇಳಿಯುತ್ತದೆ. ಇಂಥ ವಿನಾಯಿತಿ ತನಗೆ ಸಲ್ಲುತ್ತದೆ ಅಂತ ತೋರಿಸುವ ಹೊಣೆ ಮಾತ್ರ ಆರೋಪಿಯದು.

ನಿಮ್ಮೂರಿನ ಕೇಸು ನಿಂತಿರುವುದು ಆ ಗುದ್ದಲಿಯ ಮೇಲೆ. ಅದು ಬದುವಿನ ಮೇಲೇ ಬಿದ್ದಿತ್ತಾ? ಅಥವಾ ಜಗಳದ ನಡುವೆ ಮನೆಗೆ ಹೋಗಿ ತಂದನಾ? ತಂದಿದ್ದರೆ ಕಷ್ಟ. ನೌಕಾಪಡೆಯ ಅಧಿಕಾರಿ ನಾನಾವತಿ 1959ರಲ್ಲಿ ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದಾಗ ಆ ಐದರಲ್ಲಿ ಇನ್ನೊಂದಾದ ಹಠಾತ್ ಪ್ರಚೋದನೆಯ ವಾದ ಮಾಡಿದರು. ವಿಷಯ ಗೊತ್ತಾದ ಮೇಲೆ ಸುಮಾರು ಮೂರು ಗಂಟೆ ಕಳೆದಿತ್ತು. ಹಡಗಿಗೆ ಹೋಗಿ ರಿವಾಲ್ವರ್ ತಂದಿದ್ದರು. ಸಿಟ್ಟು ಆರಲು ಅಷ್ಟು ಹೊತ್ತು ಸಾಕಿತ್ತು ಅಂತ ಹೇಳಿ ಸುಪ್ರೀಂ ಕೋರ್ಟ್ 1961ರಲ್ಲಿ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು.

ಇನ್ನೊಂದು ವಿಷಯ ಅಣ್ಣ ತಮ್ಮಂದಿರಾದ್ದರಿಂದ ಕೇಳಬೇಕಾಗುತ್ತದೆ. ಅಣ್ಣನಿಗೆ ಏನಾದರೂ ಕಾಯಿಲೆ ಇತ್ತಾ, ತಮ್ಮನಿಗೆ ಅದು ಗೊತ್ತಿತ್ತಾ? ಗಟ್ಟಿಮುಟ್ಟಾದವನು ಸಾಯದ ಏಟಿಗೂ ಈ ರೋಗಿ ಸಾಯಬಹುದು ಅಂತ ಗೊತ್ತಿದ್ದೂ ಹೊಡೆದರೆ ಅದೇ ಕೊಲೆ. ಇದು ಕಾನೂನಿನಲ್ಲೇ ಕೊಟ್ಟಿರುವ ಉದಾಹರಣೆ. ಮೂರು ದಿನ ಬದುಕಿದ್ದ, ಬೇಗ ದೊಡ್ಡಾಸ್ಪತ್ರೆಗೆ ಸೇರಿಸಿದ್ದರೆ ಉಳಿಯುತ್ತಿದ್ದ ಅನ್ನುವ ವಾದವೂ ನಿಲ್ಲುವುದಿಲ್ಲ. ಒಳ್ಳೆಯ ಚಿಕಿತ್ಸೆ ಸಿಕ್ಕಿದ್ದರೆ ಬದುಕಬಹುದಿತ್ತು ಅಂದರೂ ಸಾವಿಗೆ ಕಾರಣ ಆ ಏಟೇ.

ಶಿಕ್ಷೆಯ ಲೆಕ್ಕ ಹೀಗಿದೆ. ಕೊಲೆಗೆ ಮರಣದಂಡನೆ ಅಥವಾ ಜೀವಾವಧಿ, ಜೊತೆಗೆ ದಂಡ. ನರಹತ್ಯೆಯಲ್ಲಿ ಉದ್ದೇಶ ಇದ್ದರೆ ಜೀವಾವಧಿ, ಇಲ್ಲವೇ 5ರಿಂದ 10 ವರ್ಷ. ಉದ್ದೇಶ ಇರಲಿಲ್ಲ, ಸಾವು ಬರಬಹುದು ಎಂಬ ಅರಿವು ಮಾತ್ರ ಇತ್ತು ಅಂದರೆ 10 ವರ್ಷದವರೆಗೆ. ಆ 5 ವರ್ಷದ ಕನಿಷ್ಠ ಮಿತಿ ಹಳೆಯ 304ರಲ್ಲಿ ಇರಲಿಲ್ಲ. ಹಾಗಾಗಿ ವಕೀಲರು 'ಕೊಲೆ ಅಲ್ಲ' ಅಂದದ್ದನ್ನು ಊರವರು 'ಬಿಡುಗಡೆ' ಅಂತ ಕೇಳಿಸಿಕೊಳ್ಳಬಾರದು.

ಪೊಲೀಸರು 103 ಹಾಕಿದ್ದು ಕೊನೆಯ ಮಾತಲ್ಲ. ವಿಚಾರಣೆ ಮುಗಿಸಿ ಸೆಷನ್ಸ್ ಕೋರ್ಟು ಅದೇ ಕೇಸಿನಲ್ಲಿ 105ರ ಅಡಿ ಶಿಕ್ಷೆ ಕೊಡಬಹುದು. ನೀವು ಆ ಜಗಳವನ್ನು ಕಣ್ಣಾರೆ ನೋಡಿದ್ದರೆ ನಿಮಗೂ ಸಾಕ್ಷಿ ಸಮನ್ಸ್ ಬರಬಹುದು. ಗುದ್ದಲಿ ಎಲ್ಲಿತ್ತು, ಅಣ್ಣನ ಕೈಯಲ್ಲಿ ಏನಿತ್ತು, ಕೆಳಗೆ ಬಿದ್ದ ಮೇಲೆ ಮತ್ತೆ ಹೊಡೆದನಾ, ಎರಡೂ ಕಡೆಯ ವಕೀಲರು ನಿಮ್ಮನ್ನು ಇದನ್ನೇ ತಿರುಗಿಸಿ ಮುರುಗಿಸಿ ಕೇಳುತ್ತಾರೆ.